ಎಲ್ಲರಿಗೂ ಗೊತ್ತಿದ್ದ ಅಮಾವಾಸ್ಯೆ

ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ಅವರದೇ ಕುರ್ಚಿಯಲ್ಲಿ ಕೂತು ಒಂದು ಮೇಲ್ ಬರೆಯುತ್ತಿದ್ದೆ. ಬರೆಯುತ್ತಿದ್ದೆ ಅನ್ನುವುದು ಸುಳ್ಳು, ಬರೆಸುತ್ತಿದ್ದೆ. ಈಗ ನಮ್ಮ ಆಫೀಸಿನಲ್ಲಿ ಎಲ್ಲರೂ ಬರೆಸುವವರೇ. ಕಂಪ್ಯೂಟರಿನಲ್ಲಿ ಕೂತಿರುವ ಎಐ ಸಹಾಯಕನಿಗೆ ಹೀಗೆ ಹೀಗೆ ಅಂತ ಹೇಳಿದರೆ ಅದು ಬರೆದುಕೊಡುತ್ತದೆ, ನಾವು ಕಳಿಸುತ್ತೇವೆ. ಮೇಡಂ ಮಾತ್ರ ಕೊನೆಯವರೆಗೂ ಅದು ಬರೆದದ್ದನ್ನು ಗಟ್ಟಿಯಾಗಿ ಓದಿ, ಅರ್ಧ ಹೊಡೆದುಹಾಕಿ, ಆಮೇಲೆ ಕಳಿಸುತ್ತಿದ್ದರು. ಫೋನ್ ಇಟ್ಟ ಮೇಲೆ ನನ್ನ ಮೇಲನ್ನು ನಾನೂ ಒಂದು ಸಲ ಗಟ್ಟಿಯಾಗಿ ಓದಿಕೊಂಡೆ. ಮೂರು ಸಾಲು ಹೊಡೆದುಹಾಕಬೇಕಾಯಿತು.

ಅವರ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ, ಎಲ್ಲಿದ್ದಾರೋ ಅಲ್ಲಿಂದಲೇ ‘ಯಾರ್ರೀ ಕೇಳಿದ್ರು ನಿಮ್ಮನ್ನ?’ ಅಂತ ಬೈದಾರು. ಬೈಸಿಕೊಂಡು ನನಗೆ ಅಭ್ಯಾಸವಿದೆ, ಆದರೂ ಬೇಡ.

ತಿಪಟೂರಿನ ಹೊರವಲಯದಲ್ಲಿ ತೆಂಗಿನಕಾಯಿಯ ತಿರುಳನ್ನು ಒಣಗಿಸಿ, ಪುಡಿ ಮಾಡಿ, ಬಿಸ್ಕತ್ತು ಮಾಡುವವರಿಗೆ ಕಳಿಸುವ ಫ್ಯಾಕ್ಟರಿ ನಮ್ಮದು. ನಾನು ಅಲ್ಲಿ ಲೆಕ್ಕ ನೋಡುವವನು, ದಂಡಿನಶಿವರದಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವವನು. ಮೇಡಂ ಆಫೀಸ್ ಮ್ಯಾನೇಜರು. ಈಗಿನ ಯಜಮಾನರ ತಂದೆ ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದ ಕಾಲದಿಂದಲೂ ಇದ್ದವರು. ಯಜಮಾನರು ಚಡ್ಡಿ ಹಾಕಿಕೊಂಡು ಮಂಡಿಯಲ್ಲಿ ಓಡಾಡುತ್ತಿದ್ದುದನ್ನು ನೋಡಿದ್ದರೂ ಅವರನ್ನು ‘ಸಾರ್’ ಅಂತಲೇ ಕರೆಯುತ್ತಿದ್ದರು. ಯಜಮಾನರು ತಿರುಗಿ ‘ಅಕ್ಕಾವ್ರೆ’ ಅನ್ನುತ್ತಿದ್ದರು. ಆ ಎರಡು ಮಾತಿನ ನಡುವೆ ಫ್ಯಾಕ್ಟರಿಯ ಅರ್ಧ ಜಗಳ ಅಲ್ಲಲ್ಲೇ ಬಗೆಹರಿಯುತ್ತಿತ್ತು.

ಎಐ ಬಂದದ್ದು ಯಜಮಾನರ ಹುಚ್ಚಿನಿಂದ. ಯಾವುದೋ ಮೀಟಿಂಗಿಗೆ ಬೆಂಗಳೂರಿಗೆ ಹೋಗಿಬಂದವರು, ಆಫೀಸಿನ ಮೇಲ್, ಕ್ಯಾಲೆಂಡರ್, ಫೈಲುಗಳು, ನಾವು ಮಾತಾಡಿಕೊಳ್ಳುವ ಗ್ರೂಪು ಎಲ್ಲವನ್ನೂ ಅದಕ್ಕೆ ಜೋಡಿಸಿಬಿಟ್ಟರು. ‘ಇನ್ಮೇಲೆ ಯಾರೂ ಏನೂ ಹುಡುಕೋ ಹಾಗಿಲ್ಲ, ಕೇಳಿದ್ರೆ ಸಾಕು’ ಅಂದರು. ನನಗೆ ಮೈಯೆಲ್ಲ ಉರಿಯಿತು. ಅಲ್ರೀ, ನಾನು ಇಷ್ಟು ವರ್ಷ ಕಷ್ಟಪಟ್ಟು ಹೂತಿಟ್ಟ ಫೈಲುಗಳನ್ನು ಇದು ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆದುಕೊಡುವುದಾದರೆ ನನ್ನ ಮರ್ಯಾದೆ ಏನಾಗಬೇಕು? ಮೊದಲ ದಿನ ಅದನ್ನು ಕೆಣಕೋಣ ಅಂತ ‘ಇವತ್ತು ನಮ್ಮನೇಲಿ ಏನು ಸಾರು?’ ಅಂತ ಕೇಳಿದೆ. ‘ಆ ಮಾಹಿತಿ ನನ್ನ ಬಳಿ ಇಲ್ಲ’ ಅಂತ ಬಹಳ ವಿನಯದಿಂದ ಹೇಳಿತು. ನಾನು ಗೆದ್ದವನ ಹಾಗೆ ಸುತ್ತ ನೋಡಿದೆ.

ಮೇಡಂ ನನ್ನನ್ನು ಪಕ್ಕಕ್ಕೆ ಸರಿಸಿ ಕೂತರು. ಅವರು ಟೈಪ್ ಮಾಡುತ್ತಿದ್ದದ್ದು ಎರಡೇ ಬೆರಳಿನಲ್ಲಿ, ಮೊರದ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಕನ್ನಡದಲ್ಲೇ ಕೇಳಿದರು: ‘ನಾನು ಉತ್ತರ ಕೊಡದೆ ಬಿಟ್ಟಿರೋ ಮೇಲ್ ಯಾವ್ಯಾವುವಪ್ಪ?’ ಅದು ಒಂದಷ್ಟನ್ನು ತೆಗೆದು ಮುಂದಿಟ್ಟಿತು. ಮೇಡಂ ಮುಖ ಸಣ್ಣದಾಯಿತು. ಕಂದಿಕೆರೆಯ ಒಬ್ಬರು ತೋಟಗಾರರು ಮಗಳ ಮದುವೆಗೆ ಕರೆದು ಮೇಲ್ ಕಳಿಸಿದ್ದರು, ಮದುವೆ ಮುಗಿದುಹೋಗಿತ್ತು. ಅವತ್ತೇ ಸಂಜೆ ಮೇಡಂ ಬಸ್ ಹತ್ತಿ ಕಂದಿಕೆರೆಗೆ ಹೋಗಿ ಮುಯ್ಯಿ ಕೊಟ್ಟು ಬಂದರು. ಮಾರನೆಯ ದಿನ ನನಗೆ, ‘ನೋಡ್ರಿ ಲೆಕ್ಕದೋರೆ, ಕೇಳೋದಾದ್ರೆ ಇಂಥದ್ದು ಕೇಳಬೇಕು. ನಿಮ್ಮನೆ ಸಾರು ನಿಮ್ಮ ಹೆಂಡ್ತಿನ ಕೇಳಿ’ ಅಂದರು.

ಅದನ್ನು ಅವರು ನಡೆಸಿಕೊಳ್ಳುತ್ತಿದ್ದ ರೀತಿಯೇ ಬೇರೆ. ನಾವೆಲ್ಲ ಅದಕ್ಕೆ ಒಂದೋ ಕೈಮುಗಿಯುತ್ತಿದ್ದೆವು, ಇಲ್ಲವೇ ಬೈಯುತ್ತಿದ್ದೆವು. ಅವರು ಎರಡೂ ಮಾಡಲಿಲ್ಲ. ‘ಹೊಸದಾಗಿ ಬಂದ ಸೊಸೆ ಇದ್ದಂಗೆ ಕಣ್ರೀ ಅದು. ಓದಿದಾಳೆ, ಚುರುಕಾಗಿದಾಳೆ. ಆದ್ರೆ ನಮ್ಮನೇಲಿ ಉಪ್ಪಿನ ಡಬ್ಬ ಎಲ್ಲೈತೆ ಅಂತ ಅವಳಿಗೆ ಹೆಂಗೆ ಗೊತ್ತಾಗಬೇಕು? ತೋರಿಸ್ದೇ ಇದ್ದೋರು ನಾವು, ಸಪ್ಪೆ ಆಯ್ತು ಅಂತ ಬೈಯೋರೂ ನಾವು’ ಅನ್ನುತ್ತಿದ್ದರು. ಸೊಸೆಯಾಗಿ ಯಾರ ಮನೆಗೂ ಹೋಗದೆ ಉಳಿದ ಹೆಂಗಸು ಅವರು. ಸೊಸೆಯಂದಿರ ಪರವಾಗಿ ಅಷ್ಟು ಚೆನ್ನಾಗಿ ವಾದಿಸಿದವರನ್ನು ನಾನು ನೋಡಿಲ್ಲ.

ಅದು ಬರೆದುಕೊಟ್ಟದ್ದನ್ನು ಗಟ್ಟಿಯಾಗಿ ಓದುತ್ತಿದ್ದರು ಅಂದೆನಲ್ಲ, ಅದು ಇಡೀ ಆಫೀಸಿಗೆ ಕೇಳಿಸುತ್ತಿತ್ತು. ಹಂದನಕೆರೆಯ ಒಬ್ಬ ರೈತನ ಕಾಯಿ ವಾಪಸ್ ಕಳಿಸಬೇಕಾಗಿ ಬಂದಾಗ ಅದು, ‘ತಾವು ಸರಬರಾಜು ಮಾಡಿರುವ ಕಾಯಿಗಳು ನಿಗದಿತ ಗುಣಮಟ್ಟದ ಮಾನದಂಡಗಳಿಗೆ ಅನುಗುಣವಾಗಿಲ್ಲದ ಕಾರಣ’ ಅಂತ ಶುರುಮಾಡಿತು. ಮೇಡಂ ಅಷ್ಟು ಓದಿ, ‘ಅಯ್ಯೋ ಶಿವನೆ, ಇದನ್ನ ಓದಿ ಆ ಮನುಷ್ಯ ಪೊಲೀಸ್ನೋರು ಬತ್ತಾರೆ ಅಂದ್ಕೊಂತಾನೆ’ ಅಂದರು. ತಾವೇ ಬರೆದರು: ‘ಈ ಸಲದ ಕಾಯಿ ಇನ್ನೂ ಎಳೆಯದು. ಒಂದು ತಿಂಗಳು ಬಿಟ್ಟು ಕೆಡವಿಸಿ. ನಿಮ್ಮ ತೋಟದ ಕಾಯಿ ನಮಗೆ ಬೇಕು.’ ಆ ರೈತ ತಿಂಗಳು ಕಳೆದ ಮೇಲೆ ಕಾಯಿಯ ಜೊತೆ ತಾನೂ ಬಂದ. ಬಂದವನು ಮೇಡಂ ಟೇಬಲ್ಲಿನ ಮೇಲೆ ಒಂದು ಹಲಸಿನಹಣ್ಣು ಇಟ್ಟು ಹೋದ. ವಾರವಿಡೀ ಫೈಲುಗಳೆಲ್ಲ ಘಮಘಮ ಅನ್ನುತ್ತಿದ್ದವು.

ನನಗೂ ಅದರಿಂದ ಒಂದು ಅವಮಾನವಾಗಿದೆ. ಒಂದು ಮೀಟಿಂಗಿನಲ್ಲಿ ನಾನು ಬಿಲ್ಲುಗಳು ಸರಿಯಾಗಿ ಬರುತ್ತಿಲ್ಲ ಅಂತ ಗಂಟಲು ಹರಿದುಕೊಂಡೆ. ಹಳೆಯದು ಹೊಸದು ಎಲ್ಲ ಎಳೆದುತಂದೆ, ಟೇಬಲ್ ಕುಟ್ಟಿದೆ, ನೀರು ಕುಡಿದು ಮತ್ತೆ ಶುರುಮಾಡಿದೆ. ಮೀಟಿಂಗಿನ ಸಾರಾಂಶ ಬರೆಯುವುದು ಈಗ ಆ ಸಹಾಯಕನ ಕೆಲಸ. ಅದು ನನ್ನ ಅಷ್ಟೂ ಮಾತನ್ನು ‘ಲೆಕ್ಕ ವಿಭಾಗ ಕಳವಳ ವ್ಯಕ್ತಪಡಿಸಿತು’ ಎಂಬ ಒಂದು ಸಾಲು ಮಾಡಿತ್ತು. ಮೇಡಂ ಅದನ್ನು ಓದಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ‘ನಿಮ್ಮ ಹೆಂಡ್ತಿಗೂ ಇಂಥದ್ದೊಂದು ಕೊಡಿಸ್ರೀ ಪುಣ್ಯ ಬತ್ತದೆ’ ಅಂದರು. ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವರ ಡಬ್ಬಿಯ ಅವರೆಕಾಳು ಉಪ್ಪಿಟ್ಟು ನೋಡಿ ರಾಜಿಯಾದೆ.

ಇನ್ನು ಇರ್ಫಾನನ ವಿಷಯ. ಅದನ್ನು ಹೇಳದೆ ಮೇಡಂ ಬಗ್ಗೆ ಹೇಳಿದ ಹಾಗಾಗುವುದಿಲ್ಲ.

ಇರ್ಫಾನ್ ನಮ್ಮ ಆಫೀಸಿನಲ್ಲಿ ಲೋಡು ಕಳಿಸುವ ವ್ಯವಸ್ಥೆ ನೋಡಿಕೊಳ್ಳುವವನು. ತಿಪಟೂರಿನಲ್ಲೇ ಹುಟ್ಟಿ ಬೆಳೆದವನು. ಅವರಪ್ಪ ಗ್ಯಾರೇಜು ನಡೆಸುತ್ತಿದ್ದರು, ಸೊಂಟ ಬಿದ್ದು ಮುಚ್ಚಬೇಕಾಯಿತು. ಮನೆಯೆಲ್ಲ ನಿಂತಿದ್ದದ್ದು ಇವನ ಸಂಬಳದ ಮೇಲೆ. ಎಐಯನ್ನು ಮೇಡಂ ಬಿಟ್ಟರೆ ಚೆನ್ನಾಗಿ ಬಳಸುತ್ತಿದ್ದವನೂ ಅವನೇ.

ಆ ವರ್ಷ ಮುಂಬಯಿಯ ಒಂದು ಬಿಸ್ಕತ್ತು ಕಂಪನಿ ನಮಗೆ ಮೊದಲ ಸಲ ದೊಡ್ಡ ಆರ್ಡರ್ ಕೊಟ್ಟಿತ್ತು. ಹೇಳಿದ ದಿನ ಮಾಲು ಸೇರಬೇಕು, ಸೇರಿದರೆ ವರ್ಷಪೂರ್ತಿ ಆರ್ಡರ್, ಇಲ್ಲದಿದ್ದರೆ ಇಲ್ಲ ಅನ್ನುವ ಮಾತಾಗಿತ್ತು. ಇರ್ಫಾನ್ ಸಹಾಯಕನಿಗೆ ಹೇಳಿದ: ಮೇಲುಗಳನ್ನು ನೋಡು, ತೋಟಗಾರರು ಗ್ರೂಪಿನಲ್ಲಿ ಹಾಕಿರುವ ಮೆಸೇಜು ನೋಡು, ಲಾರಿ ಯಾವತ್ತು ಸಿಗುತ್ತದೆ ನೋಡು, ಯಾವ ದಿನ ಎಲ್ಲಿಂದ ಕಾಯಿ ತರಿಸಬೇಕು ಅಂತ ಒಂದು ಪ್ಲಾನು ಮಾಡಿಕೊಡು. ಅದು ಮಾಡಿಕೊಟ್ಟಿತು. ಏನು ಚಂದದ ಪ್ಲಾನು ಅಂತೀರಿ! ಗುರುವಾರ ಕಂದಿಕೆರೆ, ಹಂದನಕೆರೆ ಕಡೆ ಕಾಯಿ ಕೆಡವಿಸುವುದು, ಶುಕ್ರವಾರ ತಿರುಳು ತೆಗೆದು ಸಿಪ್ಪೆ ಹೆರೆಯುವುದು, ಆಮೇಲೆ ಪುಡಿ, ಲೋಡು. ಒಂದೊಂದಕ್ಕೂ ಒಂದೊಂದು ಬಣ್ಣ. ನಾನು ನೋಡಿದೆ. ಮೇಡಂ ನೋಡಿ ‘ಸರಿ ಇದೆ’ ಅಂತ ಬರೆದರು. ಯಜಮಾನರು ಹೆಬ್ಬೆರಳು ಎತ್ತಿದ ಗುರುತು ಹಾಕಿ, ‘ಸೂಪರ್’ ಅಂತಲೂ ಸೇರಿಸಿದರು. ಪ್ಲಾನು ಮುಂಬಯಿಗೂ ಹೋಯಿತು.

ಆ ಗುರುವಾರ ಭೀಮನ ಅಮಾವಾಸ್ಯೆ.

ನಮ್ಮ ಕಡೆ ಅಮಾವಾಸ್ಯೆಯ ದಿನ ಯಾರೂ ಮರ ಹತ್ತುವುದಿಲ್ಲ. ಕಾಯಿ ಕೆಡವುವವರು ಹಿಂದಿನ ಮಧ್ಯಾಹ್ನವೇ ತಮ್ಮ ತಮ್ಮ ಊರು ಸೇರಿರುತ್ತಾರೆ. ಭೀಮನ ಅಮಾವಾಸ್ಯೆಯೆಂದರೆ ಹೆಂಗಸರಿಗೂ ಪೂಜೆ, ಸಿಪ್ಪೆ ಹೆರೆಯುವವರೂ ಬರುವುದಿಲ್ಲ. ಇದು ಮಕ್ಕಳಿಗೂ ಗೊತ್ತು. ಗೊತ್ತಿರುವುದರಿಂದಲೇ ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ‘ಅಮಾವಾಸ್ಯೆ ದಿನ ಮರ ಹತ್ತಬೇಡಿ’ ಅಂತ ಯಾವ ತೋಟದಲ್ಲಾದರೂ ಬೋರ್ಡು ಹಾಕಿರುತ್ತಾರೆಯೇ? ಅಷ್ಟು ವರ್ಷ ಗೋಡೆಯ ಕ್ಯಾಲೆಂಡರು ನೋಡಿಕೊಂಡು ಪ್ಲಾನು ಮಾಡುತ್ತಿದ್ದಾಗ ಕಣ್ಣೇ ಅಮಾವಾಸ್ಯೆಯ ಕಪ್ಪು ಚುಕ್ಕೆಯನ್ನು ದಾಟಿಕೊಂಡು ಹೋಗುತ್ತಿತ್ತು. ಈ ಸಲ ಯಾರೂ ಗೋಡೆ ನೋಡಲಿಲ್ಲ.

ನನ್ನ ಕತೆ ಕೇಳಿ. ಅವತ್ತು ಬೆಳಿಗ್ಗೆ ತಂಗಿ ಪೂಜೆ ಮಾಡಿದಳು. ಒಳಗೆ ಕಾಸು ಅಡಗಿಸಿ ಹೊಸ್ತಿಲ ಮೇಲೆ ಇಟ್ಟ ಕಡುಬಿನ ಭಂಡಾರವನ್ನು ಅಣ್ಣನಾದ ನಾನೇ ಮೊಣಕೈಯಿಂದ ಒಡೆದೆ. ಹೊಟ್ಟೆ ತುಂಬ ಕಡುಬು ತಿಂದೆ. ಬಾಯಿ ಒರೆಸಿಕೊಂಡು ಬಸ್ ಹತ್ತಿ ಬಂದು, ಖಾಲಿ ಅಂಗಳ ನೋಡಿ, ‘ಯಾಕ್ರೀ, ಇವತ್ತು ಯಾರೂ ಬಂದಿಲ್ಲ?’ ಅಂತ ಕೇಳಿದವನು ನಾನು!

ಇರ್ಫಾನ್ ಕಂದಿಕೆರೆಯ ತೋಟಗಾರರಿಗೆ ಫೋನ್ ಹಚ್ಚಿದ. ಆ ಕಡೆಯ ಮಾತು ನಮಗೆಲ್ಲ ಕೇಳಿಸುತ್ತಿತ್ತು. ‘ಏನ್ಲಾ ಇರ್ಫಾನಾ, ಅಮಾಸೆ ಕಣ್ಲಾ ಇವತ್ತು! ಯಾವನ್ಲಾ ಮರ ಹತ್ತಾನು?’

‘ಕಳಿಸ್ತೀವಿ ಅಂತ ಗ್ರೂಪ್ನಾಗೆ ಹಾಕಿದ್ರಲ್ಲಣ್ಣ?’

‘ಕಳಿಸ್ತೀವಿ ಅಂದ್ವಿ. ಅಮಾಸೆ ದಿನ ಕಳಿಸ್ತೀವಿ ಅಂದ್ವಾ? ನಾಡಿದ್ದು ನೋಡಾನ ಬುಡು.’

ಇರ್ಫಾನ್ ಸಿಟ್ಟಿನಲ್ಲಿ ಎಐಯನ್ನೇ ಕೇಳಿದ. ಅಮಾವಾಸ್ಯೆಯಂದು ಕಾಯಿ ಕೆಡವುವುದಿಲ್ಲ ಎಂಬುದು ತನಗೆ ಕೊಟ್ಟ ಯಾವ ಮೇಲಿನಲ್ಲೂ ಫೈಲಿನಲ್ಲೂ ಇರಲಿಲ್ಲ, ತಾನು ಕೇಳಿ ತಿಳಿದುಕೊಳ್ಳಬೇಕಿತ್ತು, ಕ್ಷಮಿಸಿ ಎಂದಿತು. ಅದರ ಮೇಲೆ ಇನ್ನೇನು ಜಗಳವಾಡುವುದು?

ಮಾಲು ತಡವಾಯಿತು. ಮುಂಬಯಿಯಿಂದ ಖಾರವಾದ ಮೇಲ್ ಬಂತು. ತಪ್ಪು ಯಾರದು, ಅದಕ್ಕೆ ಏನು ಕ್ರಮ ತೆಗೆದುಕೊಂಡಿರಿ, ಬರೆದು ತಿಳಿಸಿ, ಆಮೇಲೆ ಮುಂದಿನ ಮಾತು ಅಂತ. ಯಜಮಾನರು ನಮ್ಮೆಲ್ಲರನ್ನೂ ಕೋಣೆಗೆ ಕರೆದರು. ಮುಖ ಕೆಂಪಾಗಿತ್ತು.

‘ಅಕ್ಕಾವ್ರೆ, ಬರೀರಿ. ಪ್ಲಾನು ಮಾಡಿದ ನೌಕರನನ್ನ ಕೆಲಸದಿಂದ ತೆಗೆದಿದ್ದೀವಿ ಅಂತ ಬರೀರಿ. ಇರ್ಫಾನಾ, ನಾಳೆಯಿಂದ ಬರಬೇಡ ಕಣಪ್ಪ. ನನಗೂ ಬೇಜಾರೇ. ಆದ್ರೆ ವರ್ಷದ ಆರ್ಡರ್ ಹೋದ್ರೆ ಸಿಪ್ಪೆ ಹೆರೆಯೋ ಹೆಂಗಸ್ರನ್ನೆಲ್ಲ ಮನೆಗೆ ಕಳಿಸ್ಬೇಕಾಯ್ತದೆ.’ ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ‘ನಿನ್ನದೂ ತಪ್ಪಿಲ್ಲ ಬುಡು, ಅಮಾವಾಸ್ಯೆ ಗಿಮಾವಾಸ್ಯೆ ನಿಂಗೇನ್ ಗೊತ್ತು’ ಎಂದೂ ಸೇರಿಸಿದರು.

ಇರ್ಫಾನ್ ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ. ಆ ಮಾತಿಗೆ ತಲೆ ಎತ್ತಿದ. ‘ಅಮಾಸೆ ನಂಗೊತ್ತಿಲ್ವಾ ಸಾರ್? ಗ್ಯಾರೇಜ್ನಾಗೆ ಬೆಳೆದೋನು ನಾನು. ಅಮಾಸೆ ದಿನ ಬಂದೋರ ಗಾಡಿಗೆಲ್ಲ ನಿಂಬೆಹಣ್ಣು ಕಟ್ಟಿಕೊಟ್ಟಿದ್ದು ನಮ್ಮಪ್ಪ. ಕೆಲಸ ಬೇಕಾದ್ರೆ ತೆಗೀರಿ. ಗೊತ್ತಿಲ್ಲ ಅನ್ಬೇಡಿ’ ಅಂದ. ನಾನು ಮೇಡಂ ಕಡೆ ನೋಡಿದೆ.

ಮೇಡಂ ಕೂತಲ್ಲಿಂದ ಏಳಲಿಲ್ಲ. ಸಹಾಯಕ ಕರಡು ಮಾಡಿಟ್ಟಿದ್ದ ಮೇಲನ್ನು ಅಭ್ಯಾಸದಂತೆ ಗಟ್ಟಿಯಾಗಿ ಓದಿದರು. ‘ಅನಿರೀಕ್ಷಿತ ಕಾರಣಗಳಿಂದಾಗಿ’ ಅಂತಿತ್ತು. ‘ಅಮಾವಾಸ್ಯೆ ತಿಂಗಳು ತಿಂಗಳೂ ಬತ್ತದೆ. ಅನಿರೀಕ್ಷಿತ ಅಂತ ಹೆಂಗ್ರೀ ಬರೀಲಿ?’ ಅಂದರು. ಹೊಡೆದುಹಾಕಿದರು. ‘ತಂತ್ರಾಂಶದ ದೋಷ ಅಂತ ಹಾಕಿ ಮತ್ತೆ’ ಅಂದೆ ನಾನು, ಇರ್ಫಾನನನ್ನು ಉಳಿಸುವ ಉಪಾಯ ಅಂದುಕೊಂಡು. ‘ಅದು ತಿರುಗಿ ಮಾತಾಡಲ್ಲ ಅಂತ ಅದರ ತಲೆಗೆ ಕಟ್ಟೋದಾ? ಸುಮ್ನಿರಿ’ ಅಂದರು.

ಆಮೇಲೆ ಸ್ಕ್ರೀನನ್ನು ಯಜಮಾನರ ಕಡೆ ತಿರುಗಿಸಿ, ಎರಡು ಬೆರಳಿನಲ್ಲಿ ಟೈಪ್ ಮಾಡುತ್ತಾ ಬಾಯಲ್ಲೂ ಹೇಳಿದರು: ‘ಆ ಪ್ಲಾನನ್ನ ಮುಂಬಯಿಗೆ ಕಳಿಸೋಕೆ ಮುಂಚೆ ಯಾರ್ಯಾರು ನೋಡಿ ಒಪ್ಪಿದ್ರು, ಹೇಳಪ್ಪ.’

ಮೇಲ್, ಫೈಲು, ಗ್ರೂಪು ಎಲ್ಲ ಅದರ ಕೈಯಲ್ಲೇ ಇತ್ತಲ್ಲ. ಹೇಳಿತು. ಇರ್ಫಾನ್ ಮಾಡಿಸಿದ್ದು. ಲೆಕ್ಕ ವಿಭಾಗದವರು ತೆರೆದು ನೋಡಿದ್ದು. ಮೇಡಂ ‘ಸರಿ ಇದೆ’ ಎಂದದ್ದು. ಕೊನೆಗೆ ಯಜಮಾನರು ಹೆಬ್ಬೆರಳು ಎತ್ತಿ ‘ಸೂಪರ್’ ಎಂದದ್ದು. ಮೇಡಂ ಅದನ್ನೂ ಗಟ್ಟಿಯಾಗಿಯೇ ಓದಿದರು. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ.

‘ನಮ್ಮೆಲ್ಲರ ಮನೇಲೂ ಅವತ್ತು ಪೂಜೆ ಇತ್ತು ಸಾರ್. ಕಡುಬು ತಿಂದ್ಕೊಂಡು ಬಂದೋರು ನಾವು. ನಮಗೊಬ್ಬರಿಗೂ ನೆನಪಾಗಲಿಲ್ಲ. ಇವನೊಬ್ಬನಿಗೇ ಯಾಕೆ ನೆನಪಾಗಬೇಕಿತ್ತು?’

ಯಜಮಾನರು ಕನ್ನಡಕ ತೆಗೆದು ಒರೆಸಿದರು. ‘ನಾನೂ ಭಂಡಾರ ಒಡೆದು ಬಂದಿದ್ದೆ ಅಕ್ಕಾವ್ರೆ’ ಅಂದರು ಸಣ್ಣ ದನಿಯಲ್ಲಿ. ಕನ್ನಡಕ ಹಾಕಿಕೊಂಡು, ‘ನನ್ನ ಹೆಸರು ಹಾಕಿ ಬರೀರಿ’ ಅಂದರು.

‘ನಿಮ್ಮದೊಂದೇ ಯಾಕೆ? ಎಲ್ಲರೂ ಸೇರಿ ಮಾಡಿದ್ದು, ಎಲ್ಲರ ಹೆಸರೂ ಹಾಕ್ತೀನಿ’ ಅಂದರು ಮೇಡಂ. ಹಾಗೇ ಬರೆದರು. ನಮ್ಮ ಕಡೆ ಅಮಾವಾಸ್ಯೆಯ ದಿನ ಮರ ಹತ್ತುವುದಿಲ್ಲ, ಅದು ನಮಗೆಲ್ಲ ಗೊತ್ತಿತ್ತು, ಗೊತ್ತಿದ್ದೂ ಮರೆತೆವು, ಯಾರನ್ನೂ ಕೆಲಸದಿಂದ ತೆಗೆದಿಲ್ಲ ಅಂತ. ಕೆಳಗೆ ನಮ್ಮ ನಾಲ್ವರ ಹೆಸರು. ಇಂಗ್ಲಿಷಿಗೆ ಮಾತ್ರ ಸಹಾಯಕನ ಕೈಯಲ್ಲಿ ಮಾಡಿಸಿದರು. ‘ಇದರಲ್ಲಿ ನೀನು ಬೆಣ್ಣೆ ಹಚ್ಚಬೇಡ, ಇದ್ದದ್ದು ಇದ್ದಂಗೆ ಬರಿ’ ಅಂತ ಅದಕ್ಕೆ ತಾಕೀತು ಮಾಡಿದ್ದನ್ನು ನಾನೇ ನೋಡಿದೆ.

ಎರಡು ದಿನ ಎಲ್ಲರೂ ಉತ್ತರ ಬಂತೇ ಅಂತ ಮೇಲ್ ತೆಗೆದು ತೆಗೆದು ನೋಡಿದೆವು. ಇರ್ಫಾನ್ ಬರುತ್ತಿದ್ದ, ಕೆಲಸ ಮಾಡುತ್ತಿದ್ದ, ಆದರೆ ಟೇಬಲ್ಲಿನ ಡ್ರಾಯರು ಖಾಲಿ ಮಾಡಿಟ್ಟಿದ್ದ. ಆಮೇಲೆ ಮುಂಬಯಿಯ ಉತ್ತರ ಬಂತು. ಬೈಗುಳ ಇತ್ತು, ಇರಲಿ. ಕೊನೆಯಲ್ಲಿ, ಮುಂದಿನ ಆರ್ಡರಿನ ಜೊತೆ ನಿಮ್ಮ ವರ್ಷದ ಅಮಾವಾಸ್ಯೆಗಳನ್ನೆಲ್ಲ ಮೊದಲೇ ತಿಳಿಸಿಬಿಡಿ ಅಂತಿತ್ತು. ಅಂದರೆ ಮುಂದಿನ ಆರ್ಡರ್ ಇತ್ತು! ನಾನು ಕುಣಿಯುವುದೊಂದು ಬಾಕಿ. ಮೇಡಂ, ‘ಲೆಕ್ಕ ವಿಭಾಗ ಸಂತೋಷ ವ್ಯಕ್ತಪಡಿಸಿತು’ ಅಂದರು.

ಆ ಮಧ್ಯಾಹ್ನ ಅವರು ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು ಆ ಸಹಾಯಕನಿಗೆ ನಮ್ಮೂರನ್ನು ಹೇಳಿಕೊಟ್ಟರು. ಅಮಾವಾಸ್ಯೆ. ಸೋಮವಾರ ಎತ್ತು ಕಟ್ಟುವುದಿಲ್ಲ. ಕೊಬ್ಬರಿ ಹರಾಜಿನ ದಿನ ರೈತರು ಫೋನ್ ಎತ್ತುವುದಿಲ್ಲ. ಹಿರಿಯರಿಗೆ ಎಡೆ ಇಡುವ ಪಕ್ಷದಲ್ಲಿ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದಿನ, ಕೇಳಿಕೊಳ್ಳಬೇಕು. ಎಲ್ಲರಿಗೂ ಗೊತ್ತಿರುವುದನ್ನೇ ಹುಡುಕಿ ಹುಡುಕಿ ಹೇಳಿದೆವು. ಎಷ್ಟು ಕಷ್ಟ ಅಂತೀರಿ ಅದು! ಕೊನೆಗೆ ಮೇಡಂ ಇರ್ಫಾನನ ಕಡೆ ತಿರುಗಿ, ‘ನಿಂದೇನಾದ್ರೂ ಐತಾ ಇರ್ಫಾನಾ?’ ಅಂತ ಕೇಳಿದರು.

ಅವನು ಬಹಳ ಹಿಂದೆಮುಂದೆ ನೋಡಿದ. ‘ಶುಕ್ರವಾರ ಮಧ್ಯಾಹ್ನ ನಮಾಜು ಇರ್ತದೆ ಮೇಡಂ. ಲೋಡಿಂಗ್ ಮೀಟಿಂಗು ಯಾವಾಗ್ಲೂ ಅದೇ ಹೊತ್ತಿಗೆ ಬೀಳ್ತದೆ’ ಅಂದ.

ಮೇಡಂ ಕೈ ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ‘ಇಷ್ಟು ವರ್ಷ ಯಾಕ್ಲಾ ಹೇಳಲಿಲ್ಲ?’

‘ಎಲ್ಲರಿಗೂ ಗೊತ್ತಿರ್ತದಲ್ಲ ಅಂದ್ಕೊಂಡೆ.’

ಮೇಡಂ ಅಲ್ಲೇ ಮೀಟಿಂಗನ್ನು ಬೆಳಗಿನ ಹೊತ್ತಿಗೆ ಸರಿಸಿದರು. ನಗುವಾಗ ಬಿಟ್ಟರೆ ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದ್ದು ಅವತ್ತೇ. ನಿವೃತ್ತಿಯಾಗಿ ತುರುವೇಕೆರೆ ಕಡೆ ತಮ್ಮನ ಮನೆಗೆ ಹೊರಟಾಗಲೂ ಅವರು ಅತ್ತಿರಲಿಲ್ಲ.

ಆ ತಮ್ಮನ ತೋಟದಲ್ಲೇ ಮೇಡಂ ಅವರನ್ನು ಮಣ್ಣು ಮಾಡಿದರು. ಯಜಮಾನರು ಬಂದಿದ್ದರು, ಸಿಪ್ಪೆ ಹೆರೆಯುವ ಹೆಂಗಸರು ಒಂದು ಟೆಂಪೋ ಮಾಡಿಕೊಂಡು ಬಂದಿದ್ದರು. ನಾನು ಎಲ್ಲರೆದುರಿಗೇ ಅತ್ತೆ, ಯಾಕೆ ಸುಳ್ಳು ಹೇಳಲಿ. ಇರ್ಫಾನ್ ಅಳಲಿಲ್ಲ. ಮಣ್ಣು ಹಾಕುವ ಹೊತ್ತಿಗೆ ಜನರನ್ನು ಸರಿಸಿಕೊಂಡು ಮುಂದೆ ಬಂದ. ಬೊಗಸೆ ತುಂಬ ಮಣ್ಣು ಹಾಕಿದ, ಮತ್ತೆ ಬಗ್ಗಿ ಇನ್ನೊಂದು ಬೊಗಸೆ ತೆಗೆದ. ಮನೆಯವರಲ್ಲಿ ಕೆಲವರು ಮುಖ ಮುಖ ನೋಡಿಕೊಂಡರು. ಮೇಡಂ ಅವರ ತಮ್ಮ ಇರ್ಫಾನನ ಹತ್ತಿರ ಬಂದು ಮೆಲ್ಲಗೆ, ‘ನೀವು ಗೊತ್ತಾಗಲಿಲ್ಲ. ಅಕ್ಕನಿಗೆ ಏನಾಗ್ಬೇಕು?’ ಅಂತ ಕೇಳಿದರು.

ಇರ್ಫಾನ್ ಕೈಯಲ್ಲಿದ್ದ ಮಣ್ಣು ಹಾಕಿ ಮುಗಿಸಿ, ಎದ್ದು ನಿಂತು ಹೇಳಿದ:

‘ಅವರ ಜೊತೆ ಸೇರಿ ಒಂದು ತಪ್ಪು ಮಾಡಿದೋನು ಕಣಣ್ಣ ನಾನು.’